ಲೀಟರಿಗೆ ಲಕ್ಷ ದಾಟುವ ಶಾಯಿ

ಕ್ಯಾನನ್ ಕಂಪನಿಯ ಪಿಜಿ-745 ಎಂಬ ಕಪ್ಪು ಕಾರ್ಟ್ರಿಜ್‌ನ ಒಳಗಿರುವುದು 8 ಮಿಲಿಲೀಟರ್ ಶಾಯಿ. ಮಕ್ಕಳಿಗೆ ಕೆಮ್ಮಿನ ಔಷಧ ಕುಡಿಸುವ ಚಮಚದಲ್ಲಿ ಅಳೆದರೆ ಎರಡು ಚಮಚ ತುಂಬುವುದಿಲ್ಲ. ಅದರ ಬೆಲೆಯನ್ನು 900 ರೂಪಾಯಿ ಎಂದು ಹಿಡಿದರೆ ಮಿಲಿಲೀಟರಿಗೆ 112 ರೂಪಾಯಿ ಬಿತ್ತು. ಲೀಟರಿನ ಲೆಕ್ಕಕ್ಕೆ ತಂದರೆ ಒಂದು ಲಕ್ಷದ ಹನ್ನೆರಡು ಸಾವಿರ. ಎಪ್ಸನ್ ಕಂಪನಿಯ ಟ್ಯಾಂಕ್ ಪ್ರಿಂಟರಿಗೆ ಸುರಿಯುವ 003 ಎಂಬ ಕಪ್ಪು ಶಾಯಿಯ ಬಾಟಲಿಯಲ್ಲಿ 65 ಮಿಲಿಲೀಟರ್ ಇರುತ್ತದೆ. ಅದಕ್ಕೆ 400 ರೂಪಾಯಿ ಎಂದೇ ಹಿಡಿದರೂ ಲೀಟರಿಗೆ ಆರು ಸಾವಿರದ ಚಿಲ್ಲರೆ. ಎರಡೂ ಆಯಾ ಕಂಪನಿಯದೇ ಅಸಲಿ ಶಾಯಿ, ಎರಡೂ ಮೂಡಿಸುವುದು ಅದೇ ಎ4 ಹಾಳೆಯ ಮೇಲಿನ ಕಪ್ಪು ಅಕ್ಷರವನ್ನೇ. ಬೆಲೆಯಲ್ಲಿ ಮಾತ್ರ ಹದಿನೆಂಟು ಪಟ್ಟು ಅಂತರ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಮನೆಗಳಲ್ಲಿ ಪ್ರಿಂಟರ್ ಈಗ ಅಪರೂಪದ ವಸ್ತುವಲ್ಲ. 2020ರಲ್ಲಿ ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ವರ್ಕ್‌ಶೀಟ್ ತೆಗೆಯಲೆಂದು ಕೊಂಡವರಿದ್ದಾರೆ. ಶಿಕ್ಷಕರು, ವಿಮಾ ಏಜೆಂಟರು, ದಸ್ತಾವೇಜು ಬರಹಗಾರರು, ಸಂಘ-ಸೊಸೈಟಿಗಳ ಲೆಕ್ಕ ಬರೆಯುವವರು ಮನೆಯಲ್ಲೇ ಅರ್ಧ ಕಚೇರಿ ನಡೆಸುತ್ತಾರೆ. ಕೊಳ್ಳುವಾಗ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಪ್ರಿಂಟರಿಗೆ ಎಷ್ಟು? ಮೂರೂವರೆ-ನಾಲ್ಕು ಸಾವಿರಕ್ಕೆ ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಆಗುವ ಯಂತ್ರ ಸಿಕ್ಕಿದರೆ ಖುಷಿಯಿಂದಲೇ ಮನೆಗೆ ತರುತ್ತಾರೆ. ಮೊದಲ ಕಾರ್ಟ್ರಿಜ್ ಮುಗಿದ ದಿನ, ಕಪ್ಪು ಮತ್ತು ಬಣ್ಣ ಎರಡನ್ನೂ ಹೊಸದಾಗಿ ಹಾಕಲು ಯಂತ್ರದ ಬೆಲೆಯ ಅರ್ಧದಷ್ಟು ಬೇಕು ಎಂದು ಗೊತ್ತಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. ಈ ಪ್ರಿಂಟರಿನಲ್ಲಿ ಒಂದು ಪುಟ ತೆಗೆಯಲು ಎಷ್ಟು? ನಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಪುಟ? ಎಷ್ಟು ದಿನಕ್ಕೊಮ್ಮೆ? ಈ ಮೂರರ ಉತ್ತರ ಸಿಕ್ಕಿದರೆ ಯಾವ ಯಂತ್ರ ತರಬೇಕು, ಅಥವಾ ತರಲೇಬಾರದೇ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಶಾಯಿ ಇಷ್ಟು ದುಬಾರಿಯಾಗಲು ಮುಖ್ಯ ಕಾರಣ ವ್ಯಾಪಾರದ ರೀತಿ. ಕಂಪನಿಗಳು ಯಂತ್ರವನ್ನು ಅತಿ ಕಡಿಮೆ ಬೆಲೆಗೆ ಬಿಟ್ಟು, ವರ್ಷಗಟ್ಟಲೆ ಮಾರುವ ಕಾರ್ಟ್ರಿಜ್‌ನಲ್ಲಿ ಲಾಭ ಹುಡುಕುತ್ತವೆ. ಇದರ ಜತೆಗೆ ಇನ್ನೊಂದು ಕಾರಣವೂ ಇದೆ, ಅದು ಕಂಪನಿಗಳ ಪರವಾಗಿ ಹೇಳಲೇಬೇಕಾದದ್ದು. ಎಚ್‌ಪಿ ಮತ್ತು ಕ್ಯಾನನ್‌ನ ಸಣ್ಣ ಪ್ರಿಂಟರುಗಳಲ್ಲಿ ಕಾರ್ಟ್ರಿಜ್ ಎಂದರೆ ಬರೀ ಶಾಯಿಯ ಡಬ್ಬಿಯಲ್ಲ. ಅಕ್ಷರ ಮೂಡಿಸುವ ಹೆಡ್ ಕೂಡ ಅದಕ್ಕೇ ಅಂಟಿಕೊಂಡಿರುತ್ತದೆ. 1977ರಲ್ಲಿ ಕ್ಯಾನನ್‌ನ ಸಂಶೋಧಕ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ ಕಾದ ಸೋಲ್ಡರಿಂಗ್ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿಗೆ ತಾಗಿ, ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಶಾಯಿಯನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆ ಎಬ್ಬಿಸಿ, ಆ ಗುಳ್ಳೆಯ ಒತ್ತಡದಿಂದ ಹನಿಯನ್ನು ಹಾಳೆಗೆ ಹಾರಿಸುವ ಬಬಲ್‌ಜೆಟ್ ತಂತ್ರ ಹುಟ್ಟಿದ್ದು ಹಾಗೆ. ಎಚ್‌ಪಿ ಕೂಡ ಅದೇ ಕಾಲದಲ್ಲಿ ತನ್ನದೇ ದಾರಿಯಲ್ಲಿ ಈ ತತ್ವಕ್ಕೆ ಬಂದು 1984ರಲ್ಲಿ ಥಿಂಕ್‌ಜೆಟ್ ಹೊರತಂದಿತು. ಕೂದಲಿಗಿಂತ ಸಣ್ಣ ತೂತುಗಳಿರುವ ಈ ಹೆಡ್ಡನ್ನು ಪ್ರತಿ ಕಾರ್ಟ್ರಿಜ್ ಜತೆಗೂ ಹೊಸದಾಗಿ ಕೊಳ್ಳಲಾಗುತ್ತದೆ. ಎಪ್ಸನ್ ಕಾಯಿಸುವುದಿಲ್ಲ. ವಿದ್ಯುತ್ ಹರಿದಾಗ ಬಾಗುವ ಪೀಜೋ ಹರಳಿನಿಂದ ಶಾಯಿಯನ್ನು ಒತ್ತಿ ಹೊರಹಾಕುತ್ತದೆ. ಅದರ ಹೆಡ್ ಪ್ರಿಂಟರಿನಲ್ಲೇ ಶಾಶ್ವತವಾಗಿ ಕೂತಿರುತ್ತದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಹೆಡ್ ಒಣಗಿ ಕಟ್ಟಿಕೊಳ್ಳುವ ಮಾತು ಬಂದಾಗ ಇದು ಕೆಲಸಕ್ಕೆ ಬರುತ್ತದೆ.

ಈಗ ಪುಟದ ಲೆಕ್ಕ. ಪ್ರತಿ ಕಾರ್ಟ್ರಿಜ್‌ಗೂ ಕಂಪನಿ ಹೇಳುವ ಒಂದು ಪುಟಸಂಖ್ಯೆ ಇರುತ್ತದೆ. ಪೆಟ್ಟಿಗೆಯ ಮೇಲೆ ಇಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ. ಎಚ್‌ಪಿ ಡೆಸ್ಕ್‌ಜೆಟ್ 2331 ಮಾದರಿಗೆ ಬೇಕಾದ 805 ಕಪ್ಪು ಕಾರ್ಟ್ರಿಜ್‌ನದು ಸುಮಾರು 120 ಪುಟ, ಬಣ್ಣದ್ದು ಸುಮಾರು 100. ಕಪ್ಪಿಗೆ 800 ರೂಪಾಯಿ ಕೊಟ್ಟರೆ ಪುಟಕ್ಕೆ ಆರೂವರೆ ರೂಪಾಯಿಗೂ ಹೆಚ್ಚು, ಕಾಗದ ಬೇರೆ. ಪೇಟೆಯ ಅಂಗಡಿಯಲ್ಲಿ ಐದು ರೂಪಾಯಿಗೆ ಪ್ರಿಂಟ್ ಸಿಗುವುದಾದರೆ ಮನೆಯದೇ ದುಬಾರಿ. ಎಪ್ಸನ್ 003 ಕಪ್ಪು ಬಾಟಲಿಯ ಪುಟಸಂಖ್ಯೆ 4,500. 400 ರೂಪಾಯಿಗೆ ಪುಟವೊಂದಕ್ಕೆ ಒಂಬತ್ತು ಪೈಸೆ. ಕ್ಯಾನನ್ ಜಿ ಸರಣಿಯ ಜಿಐ-790 ಕಪ್ಪು ಬಾಟಲಿಯಲ್ಲಿ 135 ಮಿಲಿಲೀಟರ್, 6,000 ಪುಟ. ಎಚ್‌ಪಿಯ ಜಿಟಿ53 ಎಕ್ಸ್‌ಎಲ್ ಬಾಟಲಿಯೂ 135 ಮಿಲಿಲೀಟರ್, 6,000 ಪುಟ. ಟ್ಯಾಂಕ್ ಪ್ರಿಂಟರುಗಳಲ್ಲಿ ಯಾವ ಕಂಪನಿಯದನ್ನು ಕೊಂಡರೂ ಶಾಯಿಯ ಖರ್ಚು ಪೈಸೆಗಳಲ್ಲಿ ನಿಲ್ಲುತ್ತದೆ.

ಇಲ್ಲಿ ಹೇಳಿರುವ ಬೆಲೆಗಳು ಲೆಕ್ಕದ ದಾರಿ ತೋರಿಸಲು ಹಿಡಿದ ಅಂದಾಜು. ಅಂಗಡಿಯಲ್ಲಿ ಆ ದಿನ ಹೇಳುವ ಬೆಲೆಯನ್ನು ಪುಟಸಂಖ್ಯೆಯಿಂದ ಭಾಗಿಸಿದರೆ ಸರಿಯಾದ ಉತ್ತರ ಸಿಗುತ್ತದೆ.

ಪುಟಸಂಖ್ಯೆಗೂ ಒಂದು ಷರತ್ತಿದೆ. ಐಎಸ್‌ಒ 24711 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ನಿಗದಿತ ಮಾದರಿ ಪುಟಗಳನ್ನು ಬಿಡದೆ ಒಂದರ ಹಿಂದೊಂದು ಮುದ್ರಿಸಿ ಇಂಕ್‌ಜೆಟ್‌ನ ಈ ಸಂಖ್ಯೆಯನ್ನು ಪಡೆಯುತ್ತಾರೆ. ಸಾಮಾನ್ಯವಾಗಿ ಹಾಳೆಯ ನೂರರಲ್ಲಿ ಐದು ಪಾಲಿನಷ್ಟು ಜಾಗಕ್ಕೆ ಮಾತ್ರ ಒಂದು ಬಣ್ಣದ ಶಾಯಿ ಬೀಳುವ ಪುಟ ಅದು. ಒಂದು ಸಣ್ಣ ಪತ್ರ ಎನ್ನಬಹುದು. ಮಗುವಿನ ಪ್ರಾಜೆಕ್ಟಿಗೆಂದು ತೆಗೆಯುವ ಮರವಂತೆಯ ಕಡಲಿನ ಚಿತ್ರ ಪುಟಪೂರ್ತಿ ನೀಲಿ. ದೇವಸ್ಥಾನದ ಉತ್ಸವದ ಕರಪತ್ರದ ಹಿನ್ನೆಲೆ ಪೂರ್ತಿ ಕೇಸರಿ. ಇಂಥ ಪುಟ ಹತ್ತು-ಹನ್ನೆರಡು ಪತ್ರಗಳ ಶಾಯಿಯನ್ನು ಒಂದೇ ಸಲ ನುಂಗಬಹುದು. ಮೊಬೈಲ್ ಡಾರ್ಕ್ ಮೋಡ್‌ನಲ್ಲಿದ್ದಾಗ ತೆಗೆದ ಸ್ಕ್ರೀನ್‌ಶಾಟ್ ಅಂತೂ ಹಾಳೆಯನ್ನೆಲ್ಲ ಕಪ್ಪು ಮಾಡಿ ನಡುವೆ ನಾಲ್ಕು ಬಿಳಿ ಸಾಲು ಬಿಡುತ್ತದೆ. ಪ್ರಿಂಟ್ ಕೊಡುವ ಮೊದಲು ಮೊಬೈಲನ್ನು ಲೈಟ್ ಮೋಡ್‌ಗೆ ತಂದು ಮತ್ತೊಮ್ಮೆ ಸ್ಕ್ರೀನ್‌ಶಾಟ್ ತೆಗೆದರೆ ಆ ಶಾಯಿ ಅಷ್ಟೂ ಉಳಿಯುತ್ತದೆ.

ಆದರೆ ಹೆಚ್ಚಿನ ಮನೆಗಳಲ್ಲಿ ಶಾಯಿ ಖಾಲಿಯಾಗುವುದು ಮುದ್ರಿಸಿ ಅಲ್ಲ, ಮುದ್ರಿಸದೆ. ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಖರ್ಚು ತಪ್ಪುತ್ತದೆ. ಇಂಕ್‌ಜೆಟ್ ಪ್ರಿಂಟರನ್ನು ಕೆಲವು ದಿನ ಬಿಟ್ಟು ಆನ್ ಮಾಡಿದಾಗ ಅದು ಗುರುಗುಟ್ಟುತ್ತ ಒಂದಷ್ಟು ಹೊತ್ತು ಏನೋ ಮಾಡುತ್ತದೆ. ತೂತುಗಳಲ್ಲಿ ಒಣಗಿದ ಶಾಯಿಯನ್ನು ತೆಗೆಯಲು ಹೊಸ ಶಾಯಿಯನ್ನು ಹರಿಸಿ, ಕೆಳಗಿನ ಸ್ಪಂಜಿನಂಥ ಪ್ಯಾಡಿಗೆ ಇಳಿಸುತ್ತಿರುತ್ತದೆ. ಆ ಶಾಯಿಗೆ ಹಾಳೆಯ ಮುಖವೇ ಕಾಣುವುದಿಲ್ಲ. ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಹಲವು ಮಾದರಿಗಳನ್ನು ಬಿಟ್ಟು ಬಿಟ್ಟು ಬಳಸಿ ಪರೀಕ್ಷಿಸಿದಾಗ, ಅನೇಕ ಪ್ರಿಂಟರುಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ ಶಾಯಿ ಮಾತ್ರ ಕಾಗದ ತಲುಪಿತ್ತು. ತಿಂಗಳಿಗೊಮ್ಮೆ ಎರಡು ಪುಟ ತೆಗೆಯುವ ಮನೆಯವರು 120 ಪುಟದ ಕಾರ್ಟ್ರಿಜ್‌ನಿಂದ ಮೂವತ್ತು-ನಲವತ್ತು ಪುಟವೂ ಬರಲಿಲ್ಲ ಎಂದು ದೂರಿದರೆ ಅದು ಉತ್ಪ್ರೇಕ್ಷೆಯಲ್ಲ.

ಹಾಗಾಗಿ ಅಪರೂಪಕ್ಕೆ ಪ್ರಿಂಟ್ ಬೇಕಾಗುವವರಿಗೆ ಅಗ್ಗದ ಕಾರ್ಟ್ರಿಜ್ ಪ್ರಿಂಟರ್ ಒಳ್ಳೆಯದು ಎಂಬ ನಂಬಿಕೆಯೇ ತಲೆಕೆಳಗು. ಅವರಿಗೇ ಅದು ಎಲ್ಲಕ್ಕಿಂತ ಹೆಚ್ಚು ನಷ್ಟ.

ತಿಂಗಳಿಗೆ ಹತ್ತು ಪುಟ ಬೇಕಾಗುವ ಮನೆಗೆ ಕೋಟ, ಸಾಲಿಗ್ರಾಮ, ಹೆಮ್ಮಾಡಿ, ಉಪ್ಪುಂದ ಎಲ್ಲೇ ಇರಲಿ, ಹತ್ತಿರದ ಜೆರಾಕ್ಸ್ ಅಂಗಡಿಯೇ ಸರಿ. ಹನ್ನೆರಡು ಸಾವಿರದ ಟ್ಯಾಂಕ್ ಪ್ರಿಂಟರನ್ನೇ ಕೊಂಡರೂ, ಅಂಗಡಿಯಲ್ಲಿ ಪುಟಕ್ಕೆ ಐದು ರೂಪಾಯಿಯಂತೆ ಕಾಗದದ ಖರ್ಚು ಕಳೆದು ನೋಡಿದರೆ, ಯಂತ್ರದ ಹಣ ಹುಟ್ಟಲು 2,800 ಪುಟ ಬೇಕು. ವರ್ಷಕ್ಕೆ 120 ಪುಟ ತೆಗೆಯುವವರಿಗೆ ಅದು ಇಪ್ಪತ್ತು ವರ್ಷ ದಾಟುವ ಮಾತು. ಪ್ರಿಂಟರ್ ಅಷ್ಟು ಬಾಳುವುದಿಲ್ಲ. ತಿಂಗಳಿಗೆ ನೂರು-ನೂರೈವತ್ತು ಪುಟ ತೆಗೆಯುವ ಶಿಕ್ಷಕರ ಮನೆಯಲ್ಲಿ ಅದೇ ಯಂತ್ರ ಒಂದೂವರೆ-ಎರಡೂವರೆ ವರ್ಷದಲ್ಲಿ ತನ್ನ ಹಣ ತೀರಿಸುತ್ತದೆ. ನಾಲ್ಕು ಸಾವಿರದ ಕಾರ್ಟ್ರಿಜ್ ಪ್ರಿಂಟರಿಗೂ ಹನ್ನೆರಡು ಸಾವಿರದ ಟ್ಯಾಂಕ್ ಪ್ರಿಂಟರಿಗೂ ಇರುವ ಎಂಟು ಸಾವಿರದ ಅಂತರವಂತೂ ಸುಮಾರು 1,200 ಪುಟಕ್ಕೆ ಸರಿಹೋಗುತ್ತದೆ. ಅಲ್ಲಿಂದ ಮುಂದೆ ಕಾರ್ಟ್ರಿಜ್ ಪ್ರಿಂಟರಿನಲ್ಲಿ ತೆಗೆದ ಪ್ರತಿ ಪುಟಕ್ಕೂ ಆರು ರೂಪಾಯಿ ಹೆಚ್ಚು ಕೊಟ್ಟಂತೆ.

ಅಂಗಡಿಗೆ ಹೋಗುವವರು ಒಂದು ಎಚ್ಚರ ವಹಿಸಬೇಕು. ಆಧಾರ್, ಬ್ಯಾಂಕ್ ಪಾಸ್‌ಬುಕ್‌ನಂಥ ದಾಖಲೆಯನ್ನು ಅಂಗಡಿಯ ವಾಟ್ಸ್ಆ್ಯಪ್‌ಗೆ ಕಳಿಸಿ ಪ್ರಿಂಟ್ ತೆಗೆದರೆ ಆ ಕಡತ ಅಲ್ಲೇ ಉಳಿಯುತ್ತದೆ. ಪ್ರಿಂಟ್ ಆದ ಮೇಲೆ ಎದುರಿಗೇ ಅಳಿಸಲು ಹೇಳುವುದು, ಸಾಧ್ಯವಿರುವಲ್ಲೆಲ್ಲ ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಬಳಸುವುದು ಒಳ್ಳೆಯದು. ಅದಕ್ಕೂ ಮೊದಲು ಆ ಕಾಗದ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಬೇಕು. 2015ರಲ್ಲಿ ಶುರುವಾದ ಡಿಜಿಲಾಕರ್‌ನಲ್ಲಿ ಸಿಗುವ ಚಾಲನಾ ಪರವಾನಗಿ, ವಾಹನದ ಆರ್‌ಸಿ ಮುಂತಾದವಕ್ಕೆ ಮೂಲ ದಾಖಲೆಯಷ್ಟೇ ಬೆಲೆಯಿದೆ. ಅವನ್ನು ಮೊಬೈಲಿನಲ್ಲಿ ತೋರಿಸಿದರೆ ಸಾಕಾಗುವ ಕಡೆಗೂ ಹಳೆಯ ಅಭ್ಯಾಸದಿಂದ ಬಣ್ಣದ ಪ್ರಿಂಟ್ ತೆಗೆದುಕೊಂಡು ಹೋಗುವವರು ಇನ್ನೂ ಬಹಳ ಮಂದಿ.

ಟ್ಯಾಂಕ್ ಪ್ರಿಂಟರಿನ ಹುಟ್ಟಿನ ಹಿಂದೆ ನಮ್ಮಂಥ ದೇಶಗಳ ಬಳಕೆದಾರರ ಪಾತ್ರವಿದೆ. ಕಾರ್ಟ್ರಿಜ್‌ನ ಬೆಲೆ ತಾಳಲಾರದೆ ಇಂಡೊನೇಷ್ಯಾದ ಅಂಗಡಿಗಳವರು ಎಪ್ಸನ್ ಯಂತ್ರದ ಪಕ್ಕಕ್ಕೆ ಶಾಯಿಯ ಡಬ್ಬಿಗಳನ್ನಿಟ್ಟು, ಸಣ್ಣ ಕೊಳವೆಯಿಂದ ಒಳಗೆ ಹರಿಸುವ ಏರ್ಪಾಡು ಮಾಡಿಕೊಂಡಿದ್ದರು. ಭಾರತದಲ್ಲೂ ಅದೇ ರೂಢಿಯಿತ್ತು. ಕಂಪನಿ ಅದನ್ನು ತಡೆಯುವ ಬದಲು ತಾನೇ ಅಂಥ ಯಂತ್ರ ಮಾಡಿ, ಎಲ್ ಸರಣಿಯ ಪ್ರಿಂಟರುಗಳನ್ನು 2010ರಲ್ಲಿ ಇಂಡೊನೇಷ್ಯಾದಲ್ಲಿ ಮೊದಲು ಮಾರಾಟಕ್ಕೆ ಬಿಟ್ಟಿತು. ಮರುವರ್ಷ ಅವು ಭಾರತಕ್ಕೆ ಬಂದವು. ಕ್ಯಾನನ್, ಎಚ್‌ಪಿ, ಬ್ರದರ್ ಎಲ್ಲವೂ ಆಮೇಲೆ ಅದೇ ದಾರಿ ಹಿಡಿದವು. ಗ್ರಾಹಕರು ಕೈಯಾರೆ ಕಂಡುಕೊಂಡ ಪರಿಹಾರವೇ ಕಂಪನಿಯ ಮುಖ್ಯ ಸರಕಾದ ಉದಾಹರಣೆ ಈ ಉದ್ಯಮದಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಟ್ಯಾಂಕ್ ಇದ್ದರೆ ಚಿಂತೆ ಮುಗಿಯಿತು ಎಂದಲ್ಲ. ಅದೂ ಇಂಕ್‌ಜೆಟ್ಟೇ, ಬಿಟ್ಟರೆ ಒಣಗುತ್ತದೆ. ಎಪ್ಸನ್‌ನ ಹೆಡ್ ಶಾಶ್ವತವಾದದ್ದು, ಪೂರ್ತಿ ಕಟ್ಟಿಕೊಂಡರೆ ಬದಲಿಸುವ ಖರ್ಚಿಗೆ ಅರ್ಧ ಹೊಸ ಪ್ರಿಂಟರೇ ಬರುತ್ತದೆ. ಕ್ಯಾನನ್‌ನ ಜಿ ಸರಣಿಯಲ್ಲೂ ಎಚ್‌ಪಿಯ ಇಂಕ್ ಟ್ಯಾಂಕ್ ಮಾದರಿಗಳಲ್ಲೂ ಹೆಡ್ಡನ್ನು ಬಿಡಿಯಾಗಿ ಕೊಂಡು ಹಾಕಬಹುದು. ಬಳಕೆ ಅಷ್ಟಕ್ಕಷ್ಟೇ ಇರುವ ಮನೆಗೆ ಇದು ದೊಡ್ಡ ಅನುಕೂಲ. ಇನ್ನೊಂದು ಸಂಗತಿ ಪ್ಯಾಡ್. ತೊಳೆದ ಶಾಯಿ ಸೇರುವ ಆ ಪ್ಯಾಡ್ ತುಂಬಿತೆಂದು ಯಂತ್ರ ಲೆಕ್ಕ ಹಾಕಿದ ದಿನ ಪ್ರಿಂಟಿಂಗ್ ನಿಂತೇಬಿಡುತ್ತದೆ, ಸರ್ವಿಸಿಗೆ ಒಯ್ಯಬೇಕು. ಕ್ಯಾನನ್ ಜಿ2020, ಜಿ3020ರಂಥ ಮಾದರಿಗಳಲ್ಲಿ ಎಂಸಿ-ಜಿ02 ಎಂಬ ಮೆಂಟೆನೆನ್ಸ್ ಕಾರ್ಟ್ರಿಜ್ ಇರುತ್ತದೆ, ತುಂಬಿದರೆ ಮನೆಯಲ್ಲೇ ತೆಗೆದು ಬೇರೆ ಹಾಕಬಹುದು. ಬೈಂದೂರಿನಿಂದ ಉಡುಪಿಗೆ ಎಪ್ಪತ್ತು ಕಿಲೋಮೀಟರಿನ ಹತ್ತಿರ. ಪ್ರಿಂಟರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಬರುವ ತೊಂದರೆ ಗೊತ್ತಿದ್ದವರು ಕೊಳ್ಳುವ ಮುಂಚೆಯೇ ಕೇಳಬೇಕಾದ ಪ್ರಶ್ನೆಗಳಿವು: ಪ್ಯಾಡ್ ನಾವೇ ಬದಲಿಸಬಹುದೇ, ಹೆಡ್ ಬಿಡಿಯಾಗಿ ಸಿಗುತ್ತದೆಯೇ, ಕಂಪನಿಯ ಸರ್ವಿಸ್‌ನವರು ಮನೆಗೆ ಬರುತ್ತಾರೆಯೇ?

ಬಣ್ಣ ಬೇಡ, ಅಕ್ಷರ ಸಾಕು ಎನ್ನುವವರಿಗೆ ಲೇಸರ್ ಇದೆ. ಟೋನರ್ ಎಂದರೆ ಒಣ ಪುಡಿ, ಅದು ಒಣಗಿ ಕಟ್ಟಿಕೊಳ್ಳುವ ಪ್ರಶ್ನೆಯಿಲ್ಲ. ಎರಡು ತಿಂಗಳು ಮುಟ್ಟದೆ ಇಟ್ಟು ಆನ್ ಮಾಡಿದರೂ ಮೊದಲ ಪುಟವೇ ಚೊಕ್ಕಟವಾಗಿ ಬರುತ್ತದೆ. ವಕೀಲರ ಕಚೇರಿಗಳಲ್ಲಿ, ದಸ್ತಾವೇಜು ಬರಹಗಾರರ ಮೇಜಿನ ಮೇಲೆ ಎಚ್‌ಪಿ ಲೇಸರ್‌ಜೆಟ್ 1020, ಎಂ1005, ಕ್ಯಾನನ್ ಎಲ್‌ಬಿಪಿ2900 ಯಂತ್ರಗಳು ಇವತ್ತಿಗೂ ದುಡಿಯುತ್ತಿರುವುದಕ್ಕೆ ಇದೇ ಕಾರಣ. ಎಚ್‌ಪಿಯ ಆ ಎರಡಕ್ಕೂ ಬೇಕಾಗುವುದು 12ಎ ಎಂಬ ಟೋನರ್, ಅದರಿಂದ 2,000 ಪುಟ. ಎಂಟ್ಹತ್ತು ಪುಟದ ಕ್ರಯಪತ್ರವನ್ನು ತಿದ್ದಿ ತಿದ್ದಿ ಮೂರು ಸಲ ತೆಗೆಯುವವರಿಗೆ ಹೇಳಿ ಮಾಡಿಸಿದ ಯಂತ್ರ. ಅಸಲಿ ಟೋನರ್ ಕೆಲವು ಸಾವಿರ ರೂಪಾಯಿ ಆಗುತ್ತದೆ ನಿಜ, ಆದರೆ 12ಎ, 88ಎಯಂಥ ಹಳೆಯ ಟೋನರುಗಳನ್ನು ಊರಿನಲ್ಲೇ ಕೆಲವು ನೂರು ರೂಪಾಯಿಗೆ ರಿಫಿಲ್ ಮಾಡಿಕೊಡುತ್ತಾರೆ. ಆಗ ಪುಟದ ಖರ್ಚು ಇಪ್ಪತ್ತು-ಮೂವತ್ತು ಪೈಸೆಯ ಆಸುಪಾಸಿಗೆ ಇಳಿಯುತ್ತದೆ. ರಿಫಿಲ್ ಮಾಡುವವರು ಹಳೆಯ ಪುಡಿಯನ್ನು ಪೂರ್ತಿ ತೆಗೆದು ತುಂಬುತ್ತಾರೆಯೇ, ಡ್ರಮ್ಮು-ಬ್ಲೇಡು ಸವೆದಿದ್ದರೆ ಹೇಳುತ್ತಾರೆಯೇ ಎಂದು ನೋಡಿಕೊಳ್ಳಬೇಕು. ಪುಟದ ಅಂಚಿನಲ್ಲಿ ಕಪ್ಪು ಗೆರೆ ಬೀಳತೊಡಗಿದರೆ ಬ್ಲೇಡಿನ ಅಥವಾ ಡ್ರಮ್ಮಿನ ಆಯುಷ್ಯ ಮುಗಿಯಿತೆಂದು ಅರ್ಥ. ಇನ್ನೊಮ್ಮೆ ಪುಡಿ ತುಂಬಿದರೆ ಪ್ರಯೋಜನವಿಲ್ಲ. ಹೊಸ ಮಾದರಿಗಳ ಟೋನರುಗಳಲ್ಲಿ ಚಿಪ್ ಇರುವುದರಿಂದ ರಿಫಿಲ್ ಆಗುತ್ತದೆಯೇ, ಚಿಪ್ ಬೇರೆ ಕೊಳ್ಳಬೇಕೇ ಎಂಬುದನ್ನು ಅದೇ ರಿಫಿಲ್ ಅಂಗಡಿಯಲ್ಲಿ ವಿಚಾರಿಸಿ, ಆಮೇಲೆ ಪ್ರಿಂಟರ್ ಕೊಳ್ಳುವುದು ಜಾಣತನ.

ಇನ್ನು ಈ ಊರುಗಳದೇ ಆದ ಎರಡು ಸಂಗತಿ, ಮಳೆ ಮತ್ತು ಕರೆಂಟು.

ಕಂಪನಿಗಳ ಕೈಪಿಡಿ ಬರೆದವರಿಗೆ ಆಸಾಡಿಯ ಮಳೆ ಗೊತ್ತಿರಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೊರಗಿಟ್ಟ ಕಾಗದದ ಕಟ್ಟು ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ತೇವ ಹೀರಿದ ಹಾಳೆ ಪ್ರಿಂಟರಿನಲ್ಲಿ ಎರಡೆರಡಾಗಿ ಹೋಗುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ, ಇಂಕ್‌ಜೆಟ್‌ನಲ್ಲಿ ಅಕ್ಷರದ ಅಂಚು ಹರಡುತ್ತದೆ. ಅಕ್ಷರ ಕೆಟ್ಟಿತೆಂದು ಜನ ಹೆಡ್ ಕ್ಲೀನಿಂಗ್ ಕೊಡುತ್ತಾರೆ. ತಪ್ಪು ಕಾಗದದ್ದು, ವೆಚ್ಚವಾಗುವುದು ಶಾಯಿ. ಟ್ರೇಯಲ್ಲಿ ಬೇಕಾದಷ್ಟೇ ಹಾಳೆ ಇಟ್ಟು ಉಳಿದದ್ದನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು, ಐದು ಕಟ್ಟು ಒಟ್ಟಿಗೆ ತರುವ ಬದಲು ಒಂದೊಂದೇ ತರುವುದು ಮಳೆಗಾಲದ ಕ್ರಮವಾಗಬೇಕು. ಮುದ್ರಿಸಿದ ಕಾಗದದ ಗತಿಯನ್ನೂ ಯೋಚಿಸಬೇಕು. ಇಂಕ್‌ಜೆಟ್ ಶಾಯಿಯಲ್ಲಿ ಎರಡು ಬಗೆ. ನೀರಿನಲ್ಲಿ ಕರಗಿರುವ ಡೈ ಶಾಯಿಯ ಅಕ್ಷರ ಒಂದು ಹನಿ ಮಳೆಗೆ ಹರಿದುಹೋಗುತ್ತದೆ. ಸೂಕ್ಷ್ಮ ಪುಡಿಯ ರೂಪದ ಪಿಗ್ಮೆಂಟ್ ಶಾಯಿ ಸಾಕಷ್ಟು ತಡೆಯುತ್ತದೆ. ಕ್ಯಾನನ್ ಜಿಐ-790ರಲ್ಲಿ ಕಪ್ಪು ಪಿಗ್ಮೆಂಟ್, ಬಣ್ಣಗಳು ಡೈ. ಲೇಸರ್‌ನ ಟೋನರ್ ಕಾಗದಕ್ಕೆ ಕರಗಿ ಅಂಟಿರುವುದರಿಂದ ನೀರಿಗೆ ಅಳುಕುವುದಿಲ್ಲ. ಕೊಡೆ ಹಿಡಿದು ತಾಲ್ಲೂಕು ಕಚೇರಿಗೆ ಒಯ್ಯುವ ಅರ್ಜಿಗೆ, ವರ್ಷಗಟ್ಟಲೆ ಇಡಬೇಕಾದ ಜಮೀನಿನ ಕಾಗದಕ್ಕೆ ಪಿಗ್ಮೆಂಟ್ ಅಥವಾ ಟೋನರೇ ಆಗಬೇಕು.

ಕರೆಂಟಿನ ವಿಷಯ ಇದಕ್ಕಿಂತ ದೊಡ್ಡದು. ಇಂಕ್‌ಜೆಟ್ ಪ್ರಿಂಟರನ್ನು ಅದರ ಮೇಲಿರುವ ಪವರ್ ಬಟನ್‌ನಿಂದ ಆಫ್ ಮಾಡಿದಾಗ ಅದು ಹೆಡ್ಡನ್ನು ಬಲತುದಿಗೆ ಒಯ್ದು, ರಬ್ಬರಿನ ಮುಚ್ಚಳದ ಮೇಲೆ ಕೂರಿಸಿ, ಆಮೇಲೆ ಆರುತ್ತದೆ. ಗೋಡೆಯ ಸ್ವಿಚ್ಚನ್ನೇ ಒತ್ತಿದರೆ, ಅಥವಾ ಮುದ್ರಣದ ನಡುವೆ ಕರೆಂಟ್ ಹೋದರೆ ಹೆಡ್ ಮುಚ್ಚದೆ ನಿಂತುಬಿಡಬಹುದು. ರಾತ್ರಿಯಿಡೀ ಹಾಗೇ ಇದ್ದರೆ ತೂತುಗಳಲ್ಲಿ ಶಾಯಿ ಒಣಗಬಹುದು, ಬೆಳಿಗ್ಗೆ ಮತ್ತೆ ತೊಳೆಯುವ ಕೆಲಸ, ಮತ್ತೆ ಶಾಯಿ. ಕೆಲಸ ಮುಗಿದ ತಕ್ಷಣ ಬಟನ್‌ನಿಂದ ಆಫ್ ಮಾಡಿ, ದೀಪ ಆರಿದ ಮೇಲೆ ಸ್ವಿಚ್ ತೆಗೆಯುವುದು, ಗುಡುಗು-ಮಿಂಚಿನ ಕಾಲದಲ್ಲಿ ಪ್ಲಗ್ಗನ್ನೂ ಕಳಚುವುದು ಒಳ್ಳೆಯ ರೂಢಿ. ಮುದ್ರಿಸುತ್ತಿರುವಾಗ ಕರೆಂಟ್ ಹೋದರೆ, ಬಂದ ಕೂಡಲೇ ಒಮ್ಮೆ ಆನ್ ಮಾಡಿ ಬಟನ್‌ನಿಂದಲೇ ಆಫ್ ಮಾಡಬೇಕು. ಇಂಕ್‌ಜೆಟ್‌ಗೆ ಕಂಪ್ಯೂಟರಿನ ಸಣ್ಣ ಯುಪಿಎಸ್ ಸಾಕು. ಲೇಸರ್ ಹಾಗಲ್ಲ. ಪುಡಿಯನ್ನು ಕರಗಿಸುವ ಹೀಟರ್ ಒಮ್ಮೆಲೇ ನೂರಾರು ವಾಟ್ ಎಳೆಯುವುದರಿಂದ ಅದನ್ನು ಸಣ್ಣ ಯುಪಿಎಸ್‌ಗೆ ಎಂದೂ ಸಿಕ್ಕಿಸಬಾರದು.

ಹೆಡ್ ಕ್ಲೀನಿಂಗ್‌ಗೂ ಕ್ರಮವಿದೆ. ಗೆರೆ ಬಿತ್ತೆಂದು ಮೊದಲೇ ಕ್ಲೀನಿಂಗ್ ಒತ್ತದೆ ನಾಜಲ್ ಚೆಕ್ ಎಂಬ ಪರೀಕ್ಷಾ ಪುಟ ತೆಗೆದು ನೋಡಬೇಕು. ಅದಕ್ಕೆ ಹೋಗುವುದು ಒಂದೆರಡು ಹನಿ ಶಾಯಿ. ಅದರಲ್ಲಿ ಗೆರೆ ತುಂಡಾಗಿದ್ದರೆ ಮಾತ್ರ ಕ್ಲೀನಿಂಗ್. ಎರಡು-ಮೂರು ಸಲಕ್ಕೂ ಸರಿಹೋಗದಿದ್ದರೆ ಹಟ ಮಾಡದೆ ಪ್ರಿಂಟರನ್ನು ಹನ್ನೆರಡು ಗಂಟೆ ಹಾಗೇ ಬಿಟ್ಟು ಮತ್ತೆ ನೋಡಬೇಕು. ಒಣಗಿದ ಶಾಯಿ ಆ ಹೊತ್ತಿಗೆ ನೆನೆದು ಸಡಿಲವಾಗಿರುತ್ತದೆ. ಎಪ್ಸನ್‌ನ ಪವರ್ ಕ್ಲೀನಿಂಗ್ ಕೊಳವೆಯಲ್ಲಿರುವ ಶಾಯಿಯನ್ನೇ ಖಾಲಿ ಮಾಡುವಂಥದ್ದು, ಅದು ಕೊನೆಯ ಉಪಾಯ. ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಸಣ್ಣ ಚಿತ್ರವೊಂದನ್ನು ಹಳೆಯ ಹಾಳೆಯ ಹಿಂಬದಿಗೆ ಮುದ್ರಿಸಿದರೆ ಈ ಯಾವ ತಾಪತ್ರಯವೂ ಹೆಚ್ಚಾಗಿ ಬರುವುದಿಲ್ಲ. ಟ್ಯಾಂಕಿನ ಶಾಯಿ ಕೆಳಗಿನ ಗೆರೆ ಮುಟ್ಟುವ ಮೊದಲೇ ತುಂಬಿಸಬೇಕು, ಕೊಳವೆಗೆ ಗಾಳಿ ಹೊಕ್ಕರೆ ತೆಗೆಯುವುದು ಕಷ್ಟ.

ಕಾರ್ಟ್ರಿಜ್ ಪ್ರಿಂಟರ್ ಈಗಾಗಲೇ ಮನೆಯಲ್ಲಿದೆ, ಎಸೆಯಲು ಮನಸ್ಸಿಲ್ಲ ಎನ್ನುವವರಿಗೂ ದಾರಿಗಳಿವೆ. ದೊಡ್ಡ ಅಳತೆಯ ಎಕ್ಸ್‌ಎಲ್ ಕಾರ್ಟ್ರಿಜ್ ಕೇಳಿ ತರುವುದು ಮೊದಲನೆಯದು. ಕ್ಯಾನನ್ 745 ಎಕ್ಸ್‌ಎಲ್‌ನಲ್ಲಿ 12 ಮಿಲಿಲೀಟರ್ ಶಾಯಿ, 300 ಪುಟ. ಮಾಮೂಲಿಯದರಲ್ಲಿ 8 ಮಿಲಿಲೀಟರ್, 180 ಪುಟ. ಬೆಲೆಯನ್ನು ಪುಟಕ್ಕೆ ಹಂಚಿ ನೋಡಿದರೆ ದೊಡ್ಡದೇ ಲಾಭ. ಸೆಟ್ಟಿಂಗ್ಸ್‌ನಲ್ಲಿ ಡ್ರಾಫ್ಟ್ ಗುಣಮಟ್ಟವನ್ನು ಖಾಯಂ ಮಾಡಿ, ಒಳ್ಳೆಯ ಪ್ರತಿ ಬೇಕಾದಾಗ ಮಾತ್ರ ಬದಲಿಸಿಕೊಳ್ಳಬಹುದು. ಬಣ್ಣ ಬೇಡದಿದ್ದಾಗ ಬರೀ ಗ್ರೇಸ್ಕೇಲ್ ಎಂದರೆ ಕೆಲವು ಪ್ರಿಂಟರುಗಳು ಬಣ್ಣದ ಶಾಯಿಗಳನ್ನೇ ಬೆರೆಸಿ ಬೂದು ಮಾಡುತ್ತವೆ. ಹಾಗಾಗಿ ಕಪ್ಪು ಶಾಯಿ ಮಾತ್ರ ಎಂಬ ಆಯ್ಕೆ ಇದೆಯೇ ಎಂದು ಹುಡುಕಬೇಕು. ಕ್ಯಾನನ್‌ನಲ್ಲಿ ಇಂಕ್ ಕಾರ್ಟ್ರಿಜ್ ಸೆಟ್ಟಿಂಗ್ಸ್ ಒಳಗೆ ಅದು ಸಿಗುತ್ತದೆ. ಎಚ್‌ಪಿಯ ಎರಡು ಕಾರ್ಟ್ರಿಜ್‌ನ ಸಣ್ಣ ಪ್ರಿಂಟರುಗಳಲ್ಲಿ ಒಂದನ್ನು ಹೊರತೆಗೆದರೂ ಇನ್ನೊಂದರಿಂದಲೇ ಮುದ್ರಣ ನಡೆಯುತ್ತದೆ. ಬಣ್ಣದ್ದು ಖಾಲಿಯಾಯಿತೆಂದು ಕಪ್ಪು ಅಕ್ಷರಕ್ಕೆ ತಡೆಯಾಗಬೇಕಿಲ್ಲ.

ಶಾಯಿ ಮುಗಿಯಿತು ಎಂಬ ಎಚ್ಚರಿಕೆಯನ್ನು ಕಣ್ಣುಮುಚ್ಚಿ ನಂಬಬಾರದು. ಅದು ಬಹುಮಟ್ಟಿಗೆ ಎಷ್ಟು ಹನಿ ಹಾರಿಸಿದೆ ಎಂಬುದರ ಲೆಕ್ಕ, ಡಬ್ಬಿಯೊಳಗೆ ನೋಡಿ ಹೇಳಿದ್ದಲ್ಲ. ಅಕ್ಷರ ಮಸುಕಾಗುವವರೆಗೆ ಮುದ್ರಿಸಬಹುದು. ಕ್ಯಾನನ್‌ನ ಎಂಜಿ2500ರಂಥ ಯಂತ್ರ ಮುಂದೆ ಹೋಗಲು ಒಪ್ಪದಿದ್ದರೆ ಸ್ಟಾಪ್ ಬಟನ್ನನ್ನು ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಶಾಯಿಯ ಲೆಕ್ಕ ನಿಂತು ಮುದ್ರಣ ಮುಂದುವರಿಯುತ್ತದೆ. ರಿಫಿಲ್ ಮಾಡಿಸುವವರಿಗೂ ಇದೇ ಉಪಾಯ. ಹೆಡ್ ಇರುವ ಕಾರ್ಟ್ರಿಜ್‌ಗೆ ಸಿರಿಂಜಿನಿಂದ ಶಾಯಿ ತುಂಬಿಸಬಹುದು, ಆದರೆ ಪೂರ್ತಿ ಒಣಗಿದ ಮೇಲೆ ಒಯ್ದರೆ ಹೆಡ್ ಆಗಲೇ ಸುಟ್ಟಿರಬಹುದು. ಅಕ್ಷರ ಮಸುಕಾದ ದಿನವೇ ಒಯ್ಯಬೇಕು. ಪಿಗ್ಮೆಂಟ್ ಇದ್ದಲ್ಲಿ ಡೈ, ಡೈ ಇದ್ದಲ್ಲಿ ಪಿಗ್ಮೆಂಟ್ ಹಾಕಿದರೆ ಕೆಲಸ ಕೆಡುತ್ತದೆ. ವಾರಂಟಿ ಇರುವವರೆಗೆ ಹೊರಗಿನ ಶಾಯಿ ಬೇಡ. ಅದರಿಂದ ಕೆಟ್ಟರೆ ಕಂಪನಿ ಹೊಣೆ ಹೊರುವುದಿಲ್ಲ. ಬಾಟಲಿ ಶಾಯಿ ಇಷ್ಟು ಅಗ್ಗವಾಗಿರುವಾಗ ಟ್ಯಾಂಕ್ ಪ್ರಿಂಟರಿಗೆ ಯಾವುದೋ ಹೆಸರಿಲ್ಲದ ಶಾಯಿ ಸುರಿದು ನೂರಿನ್ನೂರು ಉಳಿಸಲು ಹೋಗುವುದು ಯಾವ ಲೆಕ್ಕಕ್ಕೂ ಸರಿಯಲ್ಲ.

ಹೊರಗಿನ ಕಾರ್ಟ್ರಿಜ್‌ಗಳಿಗೆ ಕಂಪನಿಗಳು ತಂತ್ರಾಂಶದಿಂದಲೇ ಬಾಗಿಲು ಹಾಕುವುದೂ ಉಂಟು. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಹಲವು ಆಫೀಸ್‌ಜೆಟ್ ಪ್ರಿಂಟರುಗಳು ಒಂದೇ ದಿನ ಹೊರಗಿನ ಕಾರ್ಟ್ರಿಜ್‌ಗಳನ್ನು ತಿರಸ್ಕರಿಸತೊಡಗಿದವು. ಜಗತ್ತಿನಾದ್ಯಂತ ದೂರು ಬಂದ ಮೇಲೆ ಕಂಪನಿ ಕ್ಷಮೆ ಕೇಳಿತು. 2020ರ ಡಿಸೆಂಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಇಂಥದೇ ನಡವಳಿಕೆಗೆ, ಗ್ರಾಹಕರಿಗೆ ಸರಿಯಾಗಿ ತಿಳಿಸದೆ ಮಿತಿ ಹೇರಿದ್ದಕ್ಕೆ ಎಚ್‌ಪಿಗೆ ಒಂದು ಕೋಟಿ ಯೂರೋ ದಂಡ ಹಾಕಿತು. ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಲೆಕ್ಸ್‌ಮಾರ್ಕ್ ಪ್ರಕರಣದಲ್ಲಿ, ಕಾರ್ಟ್ರಿಜ್ ಒಮ್ಮೆ ಮಾರಿದ ಮೇಲೆ ಅದನ್ನು ತುಂಬಿ ಮರುಬಳಸುವವರ ಮೇಲೆ ಪೇಟೆಂಟ್ ಹಕ್ಕು ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಇಲ್ಲಿಯ ಬಳಕೆದಾರರಿಗೆ ಇದರಿಂದ ಸಿಗುವ ತಿಳಿವಳಿಕೆ ಇಷ್ಟು: ಹೊಸ ಪ್ರಿಂಟರನ್ನು ಮೊದಲ ಸಲ ಜೋಡಿಸುವಾಗ ತೆರೆಯ ಮೇಲೆ ಬರುವುದನ್ನೆಲ್ಲ ಓದದೆ ಒಪ್ಪಿಗೆ ಒತ್ತಬಾರದು. ಎಚ್‌ಪಿಯಲ್ಲಿ ಕಾರ್ಟ್ರಿಜ್ ಪ್ರೊಟೆಕ್ಷನ್ ಎಂಬ ಆಯ್ಕೆ ಆನ್ ಆದರೆ ಆ ಕಾರ್ಟ್ರಿಜ್ ಅದೇ ಪ್ರಿಂಟರಿಗೆ ಬೀಗವಾಗುತ್ತದೆ, ಇನ್ನೊಂದರಲ್ಲಿ ನಡೆಯುವುದಿಲ್ಲ. ಎಚ್‌ಪಿ ಪ್ಲಸ್ ಎಂಬ ಯೋಜನೆಗೆ ಒಪ್ಪಿದ ಪ್ರಿಂಟರ್ ಸದಾ ಇಂಟರ್ನೆಟ್ ಬೇಡುತ್ತದೆ, ಅಸಲಿ ಕಾರ್ಟ್ರಿಜ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ದೂರು ಕೊಡುವ ದಾರಿಯೂ ಗೊತ್ತಿರಬೇಕು. ನಕಲಿ ಕಾರ್ಟ್ರಿಜ್ಜನ್ನು ಅಸಲಿಯೆಂದು ಮಾರಿದರೆ, ವಾರಂಟಿಯೊಳಗಿನ ಯಂತ್ರಕ್ಕೆ ಸರ್ವಿಸ್ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎರಡಕ್ಕೂ ಬಿಲ್ ಬೇಕು. ಬಿಲ್ ಕೇಳಿ ಪಡೆದು ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಬೇಕು, ಬಿಲ್ಲಿನ ಅಕ್ಷರ ಬೇಗ ಮಾಸುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಜಾಲತಾಣ ತೆರೆದಿದೆ. ಸರ್ವಿಸ್ ಸೆಂಟರ್, ವಾರಂಟಿ, ಬಿಡಿಭಾಗಗಳ ಮಾಹಿತಿಯನ್ನು ಕಂಪನಿಗಳು ಒಂದೆಡೆ ಕೊಡಲಿ ಎಂಬುದು ಅದರ ಉದ್ದೇಶ.

ಖಾಲಿ ಕಾರ್ಟ್ರಿಜ್‌ಗಳನ್ನು ಹಿತ್ತಲಿನ ಕಸದ ಜತೆ ಸುಡುವವರಿದ್ದಾರೆ, ಅದು ಬೇಡವೇ ಬೇಡ. ಪ್ಲಾಸ್ಟಿಕ್ ಹೊಗೆಯ ಜತೆ ಶಾಯಿ, ಟೋನರ್ ಪುಡಿಯೂ ಗಾಳಿಗೆ, ಮಣ್ಣಿಗೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರಿನ ಜತೆ ಕಾರ್ಟ್ರಿಜ್‌ನ ಹೆಸರೂ ಇದೆ. ಅದರ ಮರುಬಳಕೆಯ ಹೊಣೆ ತಯಾರಕರದು. ಹೊಸ ಕಾರ್ಟ್ರಿಜ್ ತರಲು ಹೋದಾಗ ಹಳೆಯದನ್ನು ಜತೆಗೇ ಒಯ್ದು, ವಾಪಸು ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯಲ್ಲಿ ಕೇಳಬಹುದು. ಹೆಡ್ ಚೆನ್ನಾಗಿರುವ ಖಾಲಿ ಕಾರ್ಟ್ರಿಜ್, ಡ್ರಮ್ ಸವೆಯದ ಟೋನರ್ ಆಗಿದ್ದರೆ ರಿಫಿಲ್ ಮಾಡುವವರು ತೆಗೆದುಕೊಳ್ಳುವುದೂ ಉಂಟು. ಅಲ್ಲಿಯವರೆಗೆ ಬಾಯಿಗೆ ಟೇಪ್ ಸುತ್ತಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮಕ್ಕಳ ಕೈಗೆ ಸಿಗದ ಕಡೆ ಇಟ್ಟಿರಬೇಕು.